ಊರ ಶಾಲೆಗೆ ಏನಾದರೂ ಮಾಡಬೇಕು ಅನಿಸಿದರೆ: ಮೊದಲು ಮಾಸ್ತರರ ಹೊತ್ತು ಉಳಿಸಿ

ದೀಪಾವಳಿ ಬರಲಿ, ಊರ ಜಾತ್ರೆ ಬರಲಿ, ಶಿಕ್ಷಕರ ದಿನಾಚರಣೆ ಬರಲಿ, ನನಗೆ ಬರುವ ಪ್ರಶ್ನೆ ಒಂದೇ. ‘ನಾ ಕಲಿತ ಸರಕಾರಿ ಸಾಲಿಗೆ ಏನಾದ್ರೂ ಮಾಡಬೇಕು ಅನಸ್ತದ, ಎಲ್ಲಿಂದ ಶುರು ಮಾಡಲಿ?’ ಕೇಳುವವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಊರು ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ: ನವಲಗುಂದದ ಕಡೆ, ರೋಣದ ಕಡೆ, ಹಾನಗಲ್ಲಿನ ಕಡೆ. ಐದು ಸಾವಿರ ಕೂಡಿಟ್ಟವರೂ ಕೇಳುತ್ತಾರೆ, ಐದು ಲಕ್ಷ ಕೂಡಿಸಿದ ಗೆಳೆಯರ ಬಳಗದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೇಳುವ ಹೊತ್ತಿಗೆ ಬಹಳ ಮಂದಿ ಏನು ಕೊಡಬೇಕೆಂದು ಮೊದಲೇ ತೀರ್ಮಾನ ಮಾಡಿರುತ್ತಾರೆ. ಗೋಡೆಗೆ ಬಣ್ಣ, ಸ್ಮಾರ್ಟ್ ಟಿವಿ, ಬ್ಯಾಗು, ನೋಟ್‌ಬುಕ್. ತಪ್ಪೇನಿಲ್ಲ. ಆದರೆ ನಾನು ನೋಡಿದ ಶಾಲೆಗಳಲ್ಲಿ ಬಣ್ಣಕ್ಕಿಂತ ಹೆಚ್ಚು ಕೊರತೆ ಇರುವುದು ಶಿಕ್ಷಕರ ಹೊತ್ತಿಗೆ. ಪಾಠದ ನಡುವೆ ಫೋನು, ಪಾಠದ ನಡುವೆ ಮಾಹಿತಿ ಕಳಿಸುವುದು, ಪಾಠದ ನಡುವೆ ತಾಲ್ಲೂಕಿಗೆ ಓಡುವುದು. ಹಾಗಾಗಿ ಪ್ರತಿ ಹಂತದಲ್ಲೂ ಇದೊಂದನ್ನು ಕೇಳಿಕೊಳ್ಳಿ: ನಾನು ಮಾಡುವ ಕೆಲಸದಿಂದ ಮಾಸ್ತರರಿಗೆ, ಅಕ್ಕೋರಿಗೆ (ಶಿಕ್ಷಕಿಯರಿಗೆ) ಪಾಠದ ಹೊತ್ತು ಉಳಿಯುತ್ತದೋ, ಇಲ್ಲ ತಲೆ ಮೇಲೆ ಇನ್ನೊಂದು ಕೆಲಸ ಬೀಳುತ್ತದೋ?

ಶುರು ಮಾಡುವ ಮೊದಲು

ಬೇಕಾಗುವುದು ಕಡಿಮೆ. ಒಂದು ನೋಟ್‌ಬುಕ್, ಮುಖ್ಯ ಶಿಕ್ಷಕರ ಫೋನ್ ನಂಬರ್, ಶಾಲೆಯ ಯುಡೈಸ್ ಸಂಖ್ಯೆ. ಯುಡೈಸ್ ಅಂದರೆ ದೇಶದ ಪ್ರತಿ ಶಾಲೆಗೂ ಕೊಟ್ಟಿರುವ 11 ಅಂಕಿಯ ಗುರುತು. ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ನಮ್ಮ ಭಾಗದಲ್ಲಿ ಇದು ಮುಖ್ಯ. ಯಾಕೆಂದರೆ ಒಂದೇ ಊರಿನಲ್ಲಿ ಗಂಡು ಮಕ್ಕಳ ಶಾಲೆ, ಹೆಣ್ಣು ಮಕ್ಕಳ ಶಾಲೆ, ಉರ್ದು ಶಾಲೆ ಮೂರೂ ಇರುತ್ತವೆ. ಜನ ಕೆಬಿಎಸ್ (ಕನ್ನಡ ಗಂಡು ಮಕ್ಕಳ ಶಾಲೆ), ಕೆಜಿಎಸ್ (ಕನ್ನಡ ಹೆಣ್ಣು ಮಕ್ಕಳ ಶಾಲೆ) ಅಂತಲೇ ಕರೆಯುತ್ತಾರೆ. ಹೆಸರು ನೋಡಿ ಕಳಿಸಿದ ಸಾಮಾನು ಬೇರೆ ಶಾಲೆಗೆ ಹೋಗಿ ಇಳಿದದ್ದೂ ಉಂಟು.

ಕೆಲವು ಹೆಸರುಗಳು ಪದೇ ಪದೇ ಕಿವಿಗೆ ಬೀಳುತ್ತವೆ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಸಿಆರ್‌ಪಿ ಅಂದರೆ ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ, ಸ್ವತಃ ಶಿಕ್ಷಕರೇ. ಬಿಇಒ ಅಂದರೆ ತಾಲ್ಲೂಕು ಮಟ್ಟದ ಕ್ಷೇತ್ರ ಶಿಕ್ಷಣಾಧಿಕಾರಿ. ಅವರ ಮೇಲೆ ಜಿಲ್ಲೆಗೆ ಡಿಡಿಪಿಐ, ಅಂದರೆ ಉಪನಿರ್ದೇಶಕರು. ಡಯಟ್ ಅನ್ನುವುದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಅಣ್ಣಿಗೇರಿ, ಅಳ್ನಾವರ, ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿಯಂಥ ಹೊಸ ತಾಲ್ಲೂಕಿನವರು ಒಂದು ಮಾತು ನೆನಪಿಡಿ. ತಾಲ್ಲೂಕು ಹೊಸದಾದ ಮಾತ್ರಕ್ಕೆ ಬಿಇಒ ಕಚೇರಿಯೂ ಅಲ್ಲೇ ಇರಬೇಕೆಂದಿಲ್ಲ. ನಿಮ್ಮ ಶಾಲೆ ಯಾವ ಬಿಇಒ ಕೆಳಗೆ ಬರುತ್ತದೆ ಎಂದು ಮುಖ್ಯ ಶಿಕ್ಷಕರನ್ನೇ ಕೇಳಿ. ಸುಮ್ನೆ ಒಂದು ದಿನ ಹಾಳಾಗುವುದು ತಪ್ಪುತ್ತದೆ.

1. ಮೊದಲ ಸಲ ಬರಿಗೈಲಿ ಹೋಗಿ

ಏನನ್ನೂ ಹೊತ್ತುಕೊಂಡು ಹೋಗಬೇಡಿ, ಕ್ಯಾಮೆರಾ ಅಂತೂ ಬೇಡವೇ ಬೇಡ. ಫೋನ್ ಮಾಡಿ, ಶಾಲೆ ಬಿಡುವ ಹೊತ್ತಿಗೆ ಬರುತ್ತೇನೆ ಎಂದು ಹೇಳಿ. ಶನಿವಾರವಾದರೆ ಇನ್ನೂ ಚಲೋ. ಅವತ್ತು ಶಾಲೆ ಬೆಳಗಿನ ಹೊತ್ತು ಮಾತ್ರ, ಮಕ್ಕಳು ಹೋದ ಮೇಲೆ ಕೂತು ಮಾತಾಡಬಹುದು. ಜೂನ್ ಮೊದಲ ಎರಡು ವಾರ ಹೋಗಬೇಡಿ, ಪ್ರವೇಶದ ಗದ್ದಲ. ಸೆಪ್ಟೆಂಬರ್ ಕೊನೆಯಲ್ಲಿ ಯುಡೈಸ್ ಮಾಹಿತಿ ತುಂಬುವ ಓಡಾಟ. ಮಾರ್ಚ್‌ನಲ್ಲಿ ಪರೀಕ್ಷೆ. ಜುಲೈ, ಆಗಸ್ಟ್, ನವೆಂಬರ್ ಒಳ್ಳೆಯ ತಿಂಗಳುಗಳು.

‘ನಿಮಗೆ ಏನು ಬೇಕು ಸರ್?’ ಎಂದು ಕೇಳಿದರೆ ‘ಏನ್ ಕೊಟ್ಟರೂ ಚಲೋನ ರೀ’ ಎಂಬ ಉತ್ತರ ಬರುತ್ತದೆ. ಅದು ಸಂಕೋಚದ ಉತ್ತರ. ಬೇರೆ ಥರ ಕೇಳಿ. ‘ನಿನ್ನೆ ಪಾಠ ಬಿಟ್ಟು ಎಷ್ಟು ಸಲ ಎದ್ದಿರಿ? ಯಾಕೆ?’ ಆಗ ನಿಜವಾದ ಪಟ್ಟಿ ಹೊರಗೆ ಬರುತ್ತದೆ. ಒಂದು ಕಾಗದದ ಝೆರಾಕ್ಸ್‌ಗೆ ಎಂಟು ಕಿಲೋಮೀಟರ್ ಹೋಗಬೇಕು. ನೀರಿನ ಮೋಟರ್ ಚಾಲೂ ಮಾಡಲು ಐದನೆಯ ತರಗತಿ ಬಿಟ್ಟು ಏಳಬೇಕು. ಇಬ್ಬರು ಮಕ್ಕಳ ವಿದ್ಯಾರ್ಥಿವೇತನ ನಿಂತಿದೆ, ಪಾಲಕರು ದಿನಾ ಬಂದು ಕೇಳುತ್ತಾರೆ.

ಎಷ್ಟು ಮಕ್ಕಳು, ಎಷ್ಟು ಕಾಯಂ ಶಿಕ್ಷಕರು, ಎಷ್ಟು ಅತಿಥಿ ಶಿಕ್ಷಕರು ಎಂದು ಬರೆದುಕೊಳ್ಳಿ. ಅತಿಥಿ ಶಿಕ್ಷಕರು ಅಂದರೆ ಖಾಲಿ ಹುದ್ದೆಗೆ ಆ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಬರುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಲೆಕ್ಕ ಹಾಕಿ ನೋಡಿ: ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ಸಭೆಗೆ ಹೋದರೆ ಉಳಿದವರು ಒಬ್ಬರೇ, ಅವರ ಮುಂದೆ ಐದು ತರಗತಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ನಲಿ-ಕಲಿಯಲ್ಲಿ ಒಟ್ಟಿಗೇ ಕೂತು, ಗುಂಪು ಮಾಡಿಕೊಂಡು ಕಾರ್ಡುಗಳ ಮೇಲೆ ಕಲಿಯುತ್ತಾರೆ. ಅದನ್ನು ನೋಡಿ ‘ಎಲ್ಲಾ ಕ್ಲಾಸ್ ಒಂದೇ ಕಡೆ ಕೂಡಿಸಿದ್ದೀರಲ್ಲ’ ಎಂದು ಅಂದುಬಿಡಬೇಡಿ. ಅದು ಬೇಕೆಂದೇ ಮಾಡಿದ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು.

2. ಎಸ್‌ಡಿಎಂಸಿಯನ್ನು ಬಿಟ್ಟು ಮುಂದೆ ಹೋಗಬೇಡಿ

ದೂರದಿಂದ ಬಂದವರು ಎಡವುವುದು ಇಲ್ಲೇ. ಮುಖ್ಯ ಶಿಕ್ಷಕರ ಜೊತೆ ಮಾತಾಡಿ, ಕೆಲಸ ಮುಗಿಸಿ, ಉದ್ಘಾಟನೆಗೆ ಎಸ್‌ಡಿಎಂಸಿ ಅಧ್ಯಕ್ಷರನ್ನು ಕರೆಯುತ್ತಾರೆ. ಅಷ್ಟೊತ್ತಿಗೆ ಊರಿನಲ್ಲಿ ಎರಡು ಪಾರ್ಟಿ ಆಗಿರುತ್ತವೆ. ಪೆಟ್ಟು ಬೀಳುವುದು ಶಿಕ್ಷಕರಿಗೆ.

ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅವಕ್ಕೆ ಕಾನೂನಿನ ಬಲವೂ ಸಿಕ್ಕಿತು. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಶಾಲಾಭಿವೃದ್ಧಿ ಯೋಜನೆ ಬರೆಯುವುದು ಇದೇ ಸಮಿತಿಯ ಕೆಲಸ. ಆ ಯೋಜನೆ ಕಾಗದದ ಮೇಲೆ ಇದೆಯೇ ಎಂದು ಕೇಳಿ ನೋಡಿ. ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಅದನ್ನು ಬರೆಯಲು ಕೂಡುವುದೇ ನಿಮ್ಮ ಮೊದಲ ಸಹಾಯ.

ಸಭೆಗೆ ಹೋದರೆ ಹಿಂದೆ ಕೂಡಿ. ಬಾಗಿಲ ಹತ್ತಿರ ನಿಂತಿರುವ ತಾಯಂದಿರನ್ನು ಒಳಗೆ ಕರೆದು ಕೂಡಿಸಿ. ಶೌಚಾಲಯಕ್ಕೆ ಚಿಲಕ ಇಲ್ಲ ಅನ್ನುವ ಮಾತು ಅಧ್ಯಕ್ಷರ ಬಾಯಿಂದ ಬರುವುದಿಲ್ಲ, ಆರನೆಯ ತರಗತಿ ಹುಡುಗಿಯ ಅವ್ವನ ಬಾಯಿಂದ ಬರುತ್ತದೆ. ಸಭೆಯಲ್ಲಿ ಒಪ್ಪಿದ್ದನ್ನು ಠರಾವು ಪುಸ್ತಕದಲ್ಲಿ ಬರೆಸಿ, ಸಹಿ ಆಗುವವರೆಗೂ ಏಳಬೇಡಿ. ಠರಾವು ಅಂದರೆ ಸಭೆಯ ನಿರ್ಣಯ. ಮುಂದೆ ಬಿಇಒ ಕಚೇರಿಗೆ ಹೋದರೂ, ಪಂಚಾಯತಿಗೆ ಹೋದರೂ, ಕಂಪನಿಗೆ ಹೋದರೂ ಮೊದಲು ಕೇಳುವ ಕಾಗದ ಅದೇ.

3. ಆಗಲೇ ಬರುವ ದುಡ್ಡು ಯಾವುದು, ತಿಳಿದುಕೊಳ್ಳಿ

ಸರಕಾರ ಕೊಡುವುದನ್ನೇ ನೀವೂ ಕೊಟ್ಟರೆ ಏನು ಬಂತು? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಶಾಲಾ ಅನುದಾನ ಇದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಅದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಅದರಲ್ಲಿ ಹತ್ತನೆಯ ಒಂದು ಪಾಲಾದರೂ ಸ್ವಚ್ಛತೆಗೆ ಹೋಗಬೇಕು. ಗ್ರಂಥಾಲಯ ಮತ್ತು ಆಟದ ಸಾಮಾನಿಗೂ ಬೇರೆ ಸಣ್ಣ ಮೊತ್ತ ಇದೆ. ಕಿರಿಯ ಪ್ರಾಥಮಿಕ ಶಾಲೆಗೆ ಆಟದ ಸಾಮಾನಿಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000.

ಸುಣ್ಣ, ಸೀಮೆಸುಣ್ಣ, ಪೊರಕೆ, ಫಿನಾಯಿಲು, ಬಲ್ಬು, ಸಣ್ಣ ರಿಪೇರಿ ಎಲ್ಲಾ ಇದರಲ್ಲೇ ಆಗಬೇಕು. ದುಡ್ಡು ವರ್ಷದ ಮೊದಲಲ್ಲೇ ಕೈಗೆ ಬಂದು ಬೀಳುವುದಿಲ್ಲ. ಹೀಗಾಗಿ ಜೂನ್‌ನಲ್ಲಿ ಮುಖ್ಯ ಶಿಕ್ಷಕರು ತಮ್ಮ ಜೇಬಿನಿಂದ ಹಾಕಿರುತ್ತಾರೆ. ಅದನ್ನು ಅವರು ನಿಮಗೆ ಹೇಳುವುದಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು ಸರಕಾರದಿಂದಲೇ ಬರುತ್ತವೆ. ಕರೆಂಟ್ ಬಿಲ್ ಸರಕಾರವೇ ನೋಡಿಕೊಳ್ಳುತ್ತದೆ ಎಂದು 2023ರ ರಾಜ್ಯೋತ್ಸವದ ದಿನ ಘೋಷಣೆಯಾಗಿದೆ. ಇವನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿ. ಉಳಿದದ್ದರ ಮೇಲೆ ಕೈ ಇಡಿ.

4. ಹೊತ್ತು ಉಳಿಸುವ ಕೆಲಸಗಳು

ಐದು ಸಾವಿರ ಇರುವವರು ಬೇರೆಲ್ಲಾ ಬಿಟ್ಟು ಇದೊಂದನ್ನೇ ಓದಿದರೂ ನಡೆಯುತ್ತದೆ.

ಒಳ್ಳೆಯ ಪ್ರಿಂಟರ್. ಬರೀ ಪ್ರಿಂಟರ್ ಅಲ್ಲ, ಜೊತೆಗೆ ಎರಡು ವರ್ಷಕ್ಕಾಗುವಷ್ಟು ಇಂಕು ಮತ್ತು ಕಾಗದ. ಇಂಕು ಮುಗಿದ ಪ್ರಿಂಟರ್‌ಗಳು ನಮ್ಮ ಜಿಲ್ಲೆಯ ಶಾಲೆಗಳ ಅಲಮಾರಿ ಮೇಲೆ ಧೂಳು ತಿನ್ನುತ್ತಾ ಕೂತಿವೆ. ನಲಿ-ಕಲಿ ಕಾರ್ಡು ಹರಿದರೆ, ಅಭ್ಯಾಸದ ಹಾಳೆ ಬೇಕಾದರೆ, ಇಲಾಖೆಯ ನಮೂನೆ ತುಂಬಬೇಕಾದರೆ, ಎಲ್ಲದಕ್ಕೂ ಅದೇ ಬೇಕು. ಲ್ಯಾಮಿನೇಶನ್ ಯಂತ್ರ ಸೇರಿಸಿದರೆ ಕಾರ್ಡುಗಳು ಮೂರು ಪಟ್ಟು ದಿನ ಬಾಳುತ್ತವೆ.

ಪಾಲಕರ ಕಾಗದ ಪತ್ರ. ಇದಕ್ಕೆ ದುಡ್ಡೇ ಬೇಡ, ಊರಲ್ಲಿ ಇರುವ ಒಬ್ಬ ಓದಿದ ಹುಡುಗನೋ ಹುಡುಗಿಯೋ ಸಾಕು. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಅದು ನಾಡಕಚೇರಿಯಲ್ಲಿ ಆಗಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಆಧಾರ್‌ನಲ್ಲಿ ‘ಬಸವರಾಜ’, ಶಾಲೆಯ ದಾಖಲೆಯಲ್ಲಿ ‘ಬಸವರಾಜಪ್ಪ’ ಎಂದಿದ್ದರೆ ಇಡೀ ವರ್ಷ ಓಡಾಟ. ಶಾಲೆ ಬೇಸಿಗೆ ರಜೆಗೆ ಮುಚ್ಚಿರುವಾಗ, ಏಪ್ರಿಲ್-ಮೇ ತಿಂಗಳಲ್ಲೇ ಮನೆ ಮನೆಗೆ ಹೋಗಿ ಯಾರ ಕಾಗದ ಇದೆ, ಯಾರದ್ದಿಲ್ಲ ಎಂದು ಪಟ್ಟಿ ಮಾಡಿ, ಪಾಲಕರನ್ನು ಗ್ರಾಮ ಒನ್ ಅಥವಾ ನಾಡಕಚೇರಿಗೆ ಕರೆದುಕೊಂಡು ಹೋದರೆ ಜೂನ್‌ನಲ್ಲಿ ಶಿಕ್ಷಕರಿಗೆ ವಾರಗಟ್ಟಲೆ ಉಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಒಳಗಿನವರಿಗೆ ಕರ್ನಾಟಕ ಒನ್ ಇದೆ. ಆದಾಯ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ 5 ವರ್ಷ ನಡೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಶಾಲೆಯ ಲಾಗಿನ್ ಮತ್ತು ಪಾಸ್‌ವರ್ಡ್ ನಿಮ್ಮ ಹುಡುಗರ ಕೈಗೆ ಬರಬಾರದು. ಶಿಕ್ಷಕರು ಬೇಸತ್ತು ತಾವೇ ಕೊಟ್ಟರೂ ತೆಗೆದುಕೊಳ್ಳಬೇಡಿ. ಮಕ್ಕಳ ಆಧಾರ್ ಝೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ.

ಮೋಟರ್‌ಗೆ ತನ್ನಷ್ಟಕ್ಕೆ ಚಾಲೂ ಆಗಿ ಬಂದ್ ಆಗುವ ಸ್ವಿಚ್ಚು. ಗಂಟೆ ಹೊಡೆಯಲು ಟೈಮರ್. ಸಣ್ಣ ಸಾಮಾನುಗಳು, ಆದರೆ ದಿನಕ್ಕೆ ನಾಲ್ಕೈದು ಸಲ ಏಳುವುದು ತಪ್ಪುತ್ತದೆ.

ಬಸ್ಸಿನ ಹೊತ್ತು. ಇದನ್ನು ಯಾರೂ ‘ಶಾಲೆಗೆ ಸಹಾಯ’ ಎಂದು ಎಣಿಸುವುದಿಲ್ಲ. ಹಳ್ಳಿ ಶಾಲೆಗಳ ಎಷ್ಟೋ ಅಕ್ಕೋರು ಹುಬ್ಬಳ್ಳಿ, ಗದಗ, ರಾಣೆಬೆನ್ನೂರಿನಿಂದ ಬಸ್ಸಿಗೇ ಬರುತ್ತಾರೆ. ಬಸ್ಸು ಬೆಲ್ ಆದ ಹತ್ತು ನಿಮಿಷಕ್ಕೆ ಊರಿಗೆ ಬಂದರೆ ಅವರು ದಿನಾ ಹತ್ತು ನಿಮಿಷ ತಡ, ದಿನಾ ಊರವರ ಬಾಯಲ್ಲಿ ಮಾತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಡಿಪೊ ಮ್ಯಾನೇಜರ್‌ಗೆ ಪಂಚಾಯತಿ ಮತ್ತು ಎಸ್‌ಡಿಎಂಸಿ ಇಬ್ಬರ ಸಹಿಯ ಅರ್ಜಿ ಕೊಟ್ಟು, ಬೆಳಗಿನ ಬಸ್ಸನ್ನು ಅರ್ಧ ತಾಸು ಮುಂದೆ ತರಲು ಕೇಳಿ. ಹೈಸ್ಕೂಲಿಗೆ ಹೋಗುವ ಮಕ್ಕಳಿಗೂ ಅದೇ ಬಸ್ಸು ಬೇಕಲ್ವಾ, ಅವರ ಸಂಖ್ಯೆಯನ್ನೂ ಅರ್ಜಿಯಲ್ಲಿ ಬರೆಯಿರಿ. ಹೊಸದಾಗಿ ನೇಮಕವಾಗಿ ಬರುವ ಶಿಕ್ಷಕರಿಗೆ ಊರಿನಲ್ಲಿ ನೀರು, ಶೌಚಾಲಯ ಇರುವ ಒಂದು ಬಾಡಿಗೆ ಮನೆ ಹುಡುಕಿ ಕೊಡುವುದೂ ಇದೇ ಸಾಲಿನ ಕೆಲಸ. ಊರಲ್ಲೇ ಉಳಿದ ಶಿಕ್ಷಕರಿಂದ ಶಾಲೆಗೆ ಏನು ಸಿಗುತ್ತದೆ ಎಂದು ಹಳೆಯ ತಲೆಮಾರಿನವರನ್ನು ಕೇಳಿ ನೋಡಿ.

5. ಕಟ್ಟಡ ಮುಟ್ಟುವ ಮೊದಲು ಮಣ್ಣು ನೋಡಿ

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಎಲ್ಲಾ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಎರಡು ಅಡಿ ಪಾಯ ತೆಗೆದು ಕಾಂಪೌಂಡು ಕಟ್ಟಿದರೆ ಮೂರನೆಯ ವರ್ಷಕ್ಕೆ ಗೋಡೆ ವಾಲುತ್ತದೆ. ಮಕ್ಕಳು ಆಡುವ ಜಾಗ ಅದು. ಗಟ್ಟಿ ಗರಸು (ಕಲ್ಲು ಮಿಶ್ರಿತ ಗಟ್ಟಿ ಮಣ್ಣು) ಸಿಗುವವರೆಗೆ ಅಗೆದು, ಪಾಯದ ಸುತ್ತ ಗರಸು ತುಂಬಿ, ಕೆಳಗೆ ಕಾಂಕ್ರೀಟ್ ತೊಲೆ ಹಾಕಿ ಕಟ್ಟಬೇಕು. ಖರ್ಚು ಹೆಚ್ಚಾಗುತ್ತದೆ. ಆಗದಿದ್ದರೆ ಗೋಡೆ ಬಿಟ್ಟು ತಂತಿ ಬೇಲಿ ಹಾಕಿ, ಅದರ ಗುಂಟ ಗಿಡ ನೆಡಿ. ಕೆಟ್ಟ ಗೋಡೆಗಿಂತ ಒಳ್ಳೆಯ ಬೇಲಿ ಎಷ್ಟೋ ವಾಸಿ.

ಕಲಘಟಗಿ, ಶಿಗ್ಗಾವಿ, ಹಾನಗಲ್ ಕಡೆಯ ಕಥೆ ಬೇರೆ. ಅಲ್ಲಿ ಮಳೆ ಜಾಸ್ತಿ, ಹೆಂಚಿನ ಮಾಡು, ಮೇಲೆ ಮಂಗಗಳ ಕಾಟ. ಹೆಂಚು ಹೊದಿಸುವುದಾದರೆ ಮೇ ತಿಂಗಳಲ್ಲೇ ಮುಗಿಸಿ. ಇನ್ನೂರು ಹೆಂಚು ಜಾಸ್ತಿ ತಂದು ಶಾಲೆಯ ಮೂಲೆಯಲ್ಲಿ ಪೇರಿಸಿಡಿ.

ಸರಕಾರಿ ಕಟ್ಟಡಕ್ಕೆ ಮೊಳೆ ಹೊಡೆಯಲೂ ಹೇಳಿ ಕೇಳಿಯೇ ಹೊಡೆಯಬೇಕು. ಎಸ್‌ಡಿಎಂಸಿ ಠರಾವು, ಬಿಇಒ ಅನುಮತಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರ ಅಂದಾಜು ಪಟ್ಟಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಹಳೆಯ ಕೋಣೆ ಎಷ್ಟೇ ಶಿಥಿಲವಾಗಿದ್ದರೂ ಕೆಡವಲು ಇಲಾಖೆಯ ಆದೇಶ ಬೇಕು. ಉತ್ಸಾಹದಲ್ಲಿ ಕೆಡವಿಬಿಟ್ಟರೆ ವಿಚಾರಣೆಗೆ ನಿಲ್ಲುವುದು ಮುಖ್ಯ ಶಿಕ್ಷಕರು, ನೀವಲ್ಲ. ಇನ್ನೊಂದು ಮಾತು, ನಮ್ಮ ಭಾಗದ ಎಷ್ಟೋ ಶಾಲೆಗಳ ಕಾಂಪೌಂಡು, ಆಟದ ಮೈದಾನ ಆಗಿರುವುದು ಗ್ರಾಮ ಪಂಚಾಯತಿಯ ಉದ್ಯೋಗ ಖಾತರಿ ಕಾಮಗಾರಿಯಲ್ಲಿ. ಆದ್ದರಿಂದ ದೊಡ್ಡ ಕೆಲಸಕ್ಕೆ ಚಂದಾ ಎತ್ತುವ ಮೊದಲು ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿ, ಗ್ರಾಮ ಸಭೆಯ ಪಟ್ಟಿಯಲ್ಲಿ ಶಾಲೆಯ ಹೆಸರು ಸೇರಿಸಿ.

ನೀರಿನ ವಿಷಯ. ಮುಂಡರಗಿ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಮೊದಲು ಕಾಣುವುದು ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮೇಣದಬತ್ತಿಯಂಥ ಕ್ಯಾಂಡಲ್ ಇರುವ ಫಿಲ್ಟರ್ ಕೂಡ ಕೆಲಸಕ್ಕೆ ಬಾರದು. ಮೊದಲು ನೀರಿನ ಪರೀಕ್ಷೆ ಮಾಡಿಸಿ, ಆಮೇಲೆ ಫಿಲ್ಟರ್ ಕೊಳ್ಳಿ. ಪರೀಕ್ಷೆ ಮಾಡಿಸದೆ ಫಿಲ್ಟರ್ ಕೊಡಿಸಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಶೌಚಾಲಯ ಕಟ್ಟುವುದಕ್ಕಿಂತ ಇರುವ ಶೌಚಾಲಯಕ್ಕೆ ನೀರು ತರುವುದು ಹೆಚ್ಚಿನ ಕೆಲಸ. ಮೇಲೊಂದು ಟ್ಯಾಂಕು, ಒಳಗೆ ನಲ್ಲಿ, ಒಳಗಿನಿಂದ ಚಿಲಕ, ಹುಡುಗಿಯರ ಕಡೆ ಮುಚ್ಚಳದ ಡಬ್ಬಿ, ವಾರಕ್ಕೆ ಎರಡು ಸಲ ತೊಳೆಯುವವರಿಗೆ ಸಂಬಳ. ಆ ಸಂಬಳವನ್ನು ಎರಡು ವರ್ಷಕ್ಕೆ ಒಪ್ಪಿಕೊಂಡರೆ ಅದೇ ದೊಡ್ಡ ದಾನ. ಇಲ್ಲದಿದ್ದರೆ ಬೀಗ ಬೀಳುತ್ತದೆ, ಕೀಲಿ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

6. ಟಿವಿ, ಕಂಪ್ಯೂಟರ್

ಬೇಡ ಅನ್ನುವುದಿಲ್ಲ. ಕೊಡುವ ಮೊದಲು ನಾಲ್ಕು ಉತ್ತರ ಇರಲಿ: ಎಲ್ಲಿ ಇಡುತ್ತಾರೆ, ರಾತ್ರಿ ಕಾವಲು ಯಾರು, ಕೆಟ್ಟರೆ ಯಾರು ನೋಡುತ್ತಾರೆ, ಯಾವ ಶಿಕ್ಷಕರು ಯಾವ ಪಾಠಕ್ಕೆ ಬಳಸುತ್ತಾರೆ. ಕೊನೆಯದಕ್ಕೆ ಹೆಸರು ಸಿಗದಿದ್ದರೆ ನಿಲ್ಲಿಸಿ.

7. ತರಗತಿಯ ಒಳಗೆ ಕಾಲಿಡುವುದಾದರೆ

ನೀವೇ ಕಲಿಸಬೇಕು ಎಂಬ ಆಸೆ ಇದ್ದರೆ ವಾರಕ್ಕೆ ಒಂದು ತಾಸು, ಅದೇ ದಿನ, ಅದೇ ಹೊತ್ತು, ಇಡೀ ವರ್ಷ. ಇಷ್ಟು ಆಗುವುದಿಲ್ಲ ಅಂದರೆ ಬೇಡ. ಒಂದು ದಿನ ಬಂದು ‘ವ್ಯಕ್ತಿತ್ವ ವಿಕಸನ’ ಭಾಷಣ ಮಾಡಿ ಹೋಗುವವರಿಂದ ಶಾಲೆಗಳು ಬೇಸತ್ತಿವೆ. ಎಲ್ಲರನ್ನೂ ಬಿಸಿಲಲ್ಲಿ ಸಾಲಾಗಿ ಕೂಡಿಸಬೇಕು, ಹಾರ ತರಬೇಕು, ಅರ್ಧ ದಿನ ಹೋಯಿತು.

ಏನು ಮಾಡಬಹುದು? ಮಕ್ಕಳೊಡನೆ ಗಟ್ಟಿಯಾಗಿ ಓದಿ. ನಾಲ್ಕು-ಐದನೆಯ ತರಗತಿಯಲ್ಲೂ ತಡವರಿಸಿ ಓದುವ ಮಕ್ಕಳಿರುತ್ತಾರೆ. ಆರು ಮಕ್ಕಳ ಗುಂಪು ಕಟ್ಟಿಕೊಂಡು, ಸಣ್ಣ ಕಥೆ ಪುಸ್ತಕ ಹಿಡಿದು ಕೂತರೆ ಅವರ ಶಿಕ್ಷಕರು ಉಳಿದವರಿಗೆ ಪಾಠ ಮಾಡಬಹುದು. ಪುಸ್ತಕ ಕೊಡುವಾಗ ಮನೆಯ ಹಳೆಯ ಕಾದಂಬರಿ, ಪರೀಕ್ಷೆಯ ಗೈಡು ಸಾಗಹಾಕಬೇಡಿ. ಪುಟಕ್ಕೆ ಎರಡು ಸಾಲು, ದೊಡ್ಡ ಅಕ್ಷರ, ಚಿತ್ರ ಇರುವ ಪುಸ್ತಕ ಬೇಕು. ಅಲಮಾರಿಯಲ್ಲಿ ಬೀಗ ಹಾಕಿ ಇಡದೆ ಗೋಡೆಗೆ ದಾರ ಕಟ್ಟಿ ನೇತು ಹಾಕಲು ಹೇಳಿ. ಹರಿದರೆ ಹರಿಯಲಿ. ‘ಹರಿದ ಪುಸ್ತಕಕ್ಕೆ ಶಿಕ್ಷಕರು ಹೊಣೆಯಲ್ಲ’ ಎಂದು ಠರಾವಿನಲ್ಲೇ ಬರೆಸಿಬಿಡಿ, ಬೀಗ ತಾನಾಗಿಯೇ ತೆಗೆಯುತ್ತದೆ.

ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳ ಮಕ್ಕಳು ಒಂದನೆಯ ತರಗತಿಗೆ ಬರುವಾಗ ಮನೆಯ ಮಾತು ಲಂಬಾಣಿ. ಸವಣೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು. ಮಗು ಸುಮ್ಮನೆ ಕೂತರೆ ದಡ್ಡ ಅಲ್ಲ, ಮಾತು ಹೊಸದು ಅಷ್ಟೇ. ತಾಂಡಾದ ಅಕ್ಕ ಒಬ್ಬರು ವಾರಕ್ಕೊಮ್ಮೆ ಬಂದು ಲಂಬಾಣಿಯಲ್ಲಿ ಕಥೆ ಹೇಳಿ, ಅದನ್ನೇ ಶಿಕ್ಷಕರು ಕನ್ನಡದಲ್ಲಿ ಹೇಳಿದರೆ ಆ ಮಗು ಬಾಯಿ ಬಿಡುತ್ತದೆ. ಹಾಗೆಯೇ ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ದಿನಗಳಲ್ಲಿ ಬ್ಯಾಡಗಿ ಸುತ್ತಮುತ್ತ ಹಾಜರಾತಿ ಇಳಿಯುತ್ತದೆ. ಕೆಲವು ಕುಟುಂಬಗಳು ಗೋವಾ, ಮಂಗಳೂರಿಗೆ ಗುಳೆ ಹೋಗುತ್ತವೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಊರವರೇ ಒಪ್ಪಿಸಿದರೆ ಆಗುತ್ತದೆ. ಶಿಕ್ಷಕರು ಹೇಳಿದರೆ ‘ನೀವು ಬಂದು ದುಡಿದು ಹಾಕ್ತೀರೇನು’ ಎಂಬ ಮಾತು ಕೇಳಬೇಕಾಗುತ್ತದೆ.

ಮಕ್ಕಳ ಸುರಕ್ಷತೆಯಲ್ಲಿ ಸಲುಗೆ ಬೇಡ. ಯಾವ ಸ್ವಯಂಸೇವಕರೂ ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬಾರದು, ಬಾಗಿಲು ತೆರೆದಿರಲಿ, ಶಿಕ್ಷಕರು ಕಣ್ಣಳತೆಯಲ್ಲಿರಲಿ. ಪಾಲಕರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ಎಲ್ಲೂ ಹಾಕಬೇಡಿ. ಬ್ಯಾಗ್ ಕೈಯಲ್ಲಿ ಕೊಟ್ಟು ಹಲ್ಲು ಕಿಸಿಸಿ ತೆಗೆದ ಫೋಟೊ ಅಂತೂ ನನಗೆ ನೋಡಲಾಗುವುದಿಲ್ಲ. ಹೊಡೆಯುವುದು, ಬಯ್ದು ಅವಮಾನ ಮಾಡುವುದು ಕಾಯ್ದೆಯಲ್ಲೇ ನಿಷಿದ್ಧ, ನಿಮಗೂ ಅನ್ವಯ. ಮಗುವಿಗೆ ಲೈಂಗಿಕ ಕಿರುಕುಳವಾಗಿದೆ ಎಂದು ತಿಳಿದೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

8. ದುಡ್ಡು ಕೊಡುವ ಬಗೆ

ಯಾವತ್ತೂ ಯಾವ ಶಿಕ್ಷಕರ ಸ್ವಂತ ಖಾತೆಗೂ ದುಡ್ಡು ಹಾಕಬೇಡಿ. ನಂಬಿಕೆ ಇಲ್ಲ ಎಂದಲ್ಲ, ನಾಳೆ ಅವರ ಮೇಲೆ ಮಾತು ಬರಬಾರದು ಎಂದು. ಎಸ್‌ಡಿಎಂಸಿ ಖಾತೆಗೆ ಹಾಕಿ ರಶೀದಿ ಪಡೆಯಿರಿ, ಅಥವಾ ಸಾಮಾನನ್ನೇ ಕೊಡಿಸಿ ಬಿಲ್ಲಿನ ಪ್ರತಿಯನ್ನು ಶಾಲೆಗೆ ಕೊಡಿ. ಸಾಮಾನು ಬಂದ ದಿನವೇ ದಾಸ್ತಾನು ವಹಿಯಲ್ಲಿ, ಅಂದರೆ ಶಾಲೆಯ ವಸ್ತುಗಳ ಲೆಕ್ಕದ ಪುಸ್ತಕದಲ್ಲಿ ಏರಬೇಕು. ಮುಖ್ಯ ಶಿಕ್ಷಕರು ವರ್ಗವಾಗಿ ಹೋಗುವಾಗ ಕಾಣದ ಪ್ರತಿ ವಸ್ತುವಿಗೂ ಅವರೇ ಉತ್ತರ ಕೊಡಬೇಕು.

ತೆರಿಗೆ ವಿನಾಯಿತಿ ಕೇಳುವವರಿಗೆ: ದಾನಕ್ಕೆ ಸಿಗುವ, ಜನ 80ಜಿ ಎಂದು ಕರೆಯುವ ವಿನಾಯಿತಿ ಸಿಗುವುದು ಅದಕ್ಕೆ ನೋಂದಣಿ ಇರುವ ಸಂಸ್ಥೆಗೆ ಕೊಟ್ಟಾಗ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. 2,000 ರೂಪಾಯಿ ದಾಟಿದ ನಗದಿಗೆ ಸಿಗುವುದಿಲ್ಲ. ಶಾಲೆಯ ರಶೀದಿ ಇದ್ದ ಮಾತ್ರಕ್ಕೆ ವಿನಾಯಿತಿ ಬರುತ್ತದೆ ಎಂದುಕೊಳ್ಳಬೇಡಿ. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಕಂಪನಿಯಲ್ಲಿ ಕೆಲಸ ಮಾಡುವವರು ಅಲ್ಲಿನ ಸಿಎಸ್‌ಆರ್ ವಿಭಾಗವನ್ನು ಕೇಳಬಹುದು. ಸಿಎಸ್‌ಆರ್ ಅಂದರೆ ದೊಡ್ಡ ಕಂಪನಿಗಳು ಲಾಭದ 2 ಶೇಕಡವನ್ನು ಸಮಾಜದ ಕೆಲಸಕ್ಕೆ ಹಾಕಬೇಕೆಂಬ ನಿಯಮ. ಅವರಿಗೆ ಬೇಕಾಗುವುದು ಠರಾವು, ಅಂದಾಜು ಪಟ್ಟಿ, ಯುಡೈಸ್ ಸಂಖ್ಯೆ ಮತ್ತು ಒಂದು ಪುಟದ ವಿವರ. ಊರಲ್ಲಿ ಯಾರೂ ಪರಿಚಯ ಉಳಿದಿಲ್ಲ ಅನ್ನುವವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣ ಇದೆ. 2021ರಿಂದ ಹೊಸ ರೂಪದಲ್ಲಿದೆ, ಶಾಲೆಗಳು ತಮಗೆ ಬೇಕಾದ್ದನ್ನು ಅಲ್ಲಿ ಹಾಕುತ್ತವೆ.

9. ಶಿಕ್ಷಕರನ್ನು ಅವರ ಪಾಡಿಗೆ ಬೆಳೆಯಲು ಬಿಡಿ

ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. ಊರಿನವರೂ ಇದನ್ನು ಪಾಲಿಸಬೇಕು. ಜಾತ್ರೆಯ ಪಾವತಿ ಪುಸ್ತಕ ಬರೆಯಲು, ಮೆರವಣಿಗೆಗೆ ಮಕ್ಕಳನ್ನು ಕಳಿಸಲು, ನಿರೂಪಣೆ ಮಾಡಲು ಮಾಸ್ತರರನ್ನೇ ಕರೆಯುವ ಚಾಳಿ ಬಿಡಿ.

ಒಬ್ಬರೇ ಗಣಿತ ಕಲಿಸುವ ಶಿಕ್ಷಕರಿಗೆ ಮಾತಾಡಲು ಇನ್ನೊಬ್ಬ ಗಣಿತ ಶಿಕ್ಷಕರು ಬೇಕು. ಸುತ್ತಲಿನ ನಾಲ್ಕು ಶಾಲೆಯವರು ತಿಂಗಳಿಗೊಮ್ಮೆ ಕೂಡುವುದಾದರೆ ಸಿಆರ್‌ಪಿಗೆ ಹೇಳಿ, ಚಹಾ ಮತ್ತು ಬಸ್ ಚಾರ್ಜು ನೀವು ನೋಡಿಕೊಳ್ಳಿ. ಯಾವ ವಿಷಯ ಎಂದು ಅವರೇ ತೀರ್ಮಾನಿಸಲಿ. ಮಕ್ಕಳ ಪ್ರವಾಸಕ್ಕೆ ಕೊಡುವುದಾದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಧಾರವಾಡ ಪ್ರಾದೇಶಿಕ ವಿಜ್ಞಾನ ಕೇಂದ್ರ ನೆನಪಿರಲಿ. ಮೊದಲು ಶಿಕ್ಷಕರಷ್ಟೇ ಹೋಗಿ ನೋಡಿ ಬರಲಿ, ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಲಿ. ಬರೀ ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೂ ಏನು ನೋಡಬೇಕೆಂದು ಗೊತ್ತಿದ್ದು ಹೋದದ್ದಕ್ಕೂ ಬಹಳ ಫರಕು.

10. ಆರು ತಿಂಗಳ ಮೇಲೆ ಮತ್ತೆ ಹೋಗಿ

ಮತ್ತೆ ಬರಿಗೈಲಿ. ಮೊದಲ ಸಲ ಕೇಳಿದ್ದನ್ನೇ ಕೇಳಿ: ನಿನ್ನೆ ಪಾಠ ಬಿಟ್ಟು ಎಷ್ಟು ಸಲ ಎದ್ದಿರಿ? ನೋಟ್‌ಬುಕ್‌ನಲ್ಲಿ ಹಳೆಯ ಉತ್ತರದ ಪಕ್ಕ ಹೊಸದನ್ನು ಬರೆಯಿರಿ. ನಲ್ಲಿ ತಿರುಗಿಸಿ ನೋಡಿ, ಪ್ರಿಂಟರ್ ಚಾಲೂ ಮಾಡಿ ನೋಡಿ, ಶೌಚಾಲಯದ ಕೀಲಿ ಎಲ್ಲಿದೆ ಎಂದು ಮಕ್ಕಳನ್ನು ಕೇಳಿ. ಕೆಟ್ಟಿದ್ದರೆ ಯಾರನ್ನೂ ಬಯ್ಯಬೇಡಿ, ರಿಪೇರಿ ಮಾಡಿಸಿ.

ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಕೂಡಿಸುತ್ತೇವೆ ಎಂದು ಎಸ್‌ಡಿಎಂಸಿಯವರು ಹೇಳೇ ಹೇಳುತ್ತಾರೆ. ಆ ಜಾಗದಲ್ಲಿ ಮೋಟರ್ ರಿಪೇರಿಯವರ, ಪ್ಲಂಬರ್‌ನ, ಪ್ರಿಂಟರ್ ಅಂಗಡಿಯವರ ಫೋನ್ ನಂಬರ್ ದೊಡ್ಡದಾಗಿ ಬರೆಸಿ ಬನ್ನಿ.